ಅಳತೆ ತೆಗೆದು ಹೊಲಿದ ಸಾಲು

ಅಷ್ಟೂ ರಾದ್ಧಾಂತಕ್ಕೆ ಕಾರಣ ಮೂರನೇ ಪುಟದಲ್ಲಿದ್ದ ಚುಕ್ಕಿಗಳ ಒಂದು ಸಾಲು. ಅದನ್ನು ಬೆಳಿಗ್ಗೆಯೇ ತುಂಬಿಬಿಟ್ಟಿದ್ದರೆ ಟೈಲರ್ ಮಾಸ್ಟ್ರು ಅವತ್ತು ನೆಮ್ಮದಿಯಾಗಿ ಉಂಡು ಮಲಗುತ್ತಿದ್ದರು, ಈ ಕತೆಯೂ ಹುಟ್ಟುತ್ತಿರಲಿಲ್ಲ. ಆದರೆ ಮಾಡಬೇಕಾದ್ದನ್ನು ಮಾಡಬೇಕಾದ ಹೊತ್ತಿಗೆ ಮಾಡುವ ಜಾಯಮಾನ ಅವರದಾಗಿದ್ದರೆ ಬೀದಿಯ ಜನ ಅವರನ್ನು ‘ನಾಳೆ ಮಾಸ್ಟ್ರು’ ಅಂತ ಯಾಕೆ ಕರೆಯುತ್ತಿದ್ದರು?

ಮಾಸ್ಟ್ರ ಕೈ ಕೆಟ್ಟದ್ದಲ್ಲ, ಬಾಯಿ ಮಾತ್ರ ಸ್ವಲ್ಪ ಧಾರಾಳ. ಯಾರು ಬಟ್ಟೆ ತಂದುಕೊಟ್ಟರೂ ‘ನಾಳೆ ಬನ್ನಿ’ ಅನ್ನುವರು. ನಾಳೆ ಹೋದವರಿಗೆ ಇನ್ನೊಂದು ನಾಳೆ ಸಿಗುತ್ತಿತ್ತು. ಕೊನೆಗೂ ಬಟ್ಟೆ ಕೈಗೆ ಬಂದಾಗ ತೋಳು ಉದ್ದವೋ ಸೊಂಟ ಬಿಗಿಯೋ ಆಗಿದ್ದರೆ ಅದಕ್ಕೂ ಅವರ ಹತ್ತಿರ ಉತ್ತರ ಸಿದ್ಧವಿತ್ತು: “ಹಾಕ್ತಾ ಹಾಕ್ತಾ ಸರಿಹೋಗುತ್ತೆ.” ಅಂಗಡಿಯ ಗೋಡೆಗೆ ಮೂರು ರಟ್ಟಿನ ಅಚ್ಚುಗಳು ತೂಗುತ್ತಿದ್ದವು. ಒಂದು ತೆಳ್ಳಗಿನವರಿಗೆ, ಒಂದು ದಪ್ಪಗಿನವರಿಗೆ, ಇನ್ನೊಂದು ಮಿಕ್ಕವರಿಗೆ. ಆ ಮೂರರಲ್ಲೇ ಅವರು ಇಡೀ ಬೀದಿಯ ಮಾನ ಮುಚ್ಚಿದ್ದರು.

ಇಂಥ ಮಾಸ್ಟ್ರು ಒಂದು ಪುಸ್ತಕ ಬರೆದಿದ್ದರು. ಬಟ್ಟೆಗಾಗಿ ಕಾದು ಕೂತ ಗಿರಾಕಿಗಳನ್ನು ಸಮಾಧಾನ ಮಾಡಲು ಅವರು ಹೇಳುತ್ತಿದ್ದ ಹಿತನುಡಿಗಳನ್ನು ಮೊಬೈಲು ಕೇಳಿಸಿಕೊಂಡು ತಾನೇ ಅಕ್ಷರ ಮಾಡಿಕೊಂಡಿತ್ತು. ಕಾದವರು ಬಹಳ, ಹಾಗಾಗಿ ಪುಸ್ತಕವೂ ಸಾಕಷ್ಟು ದಪ್ಪ. ಹೆಸರು ‘ಅಳತೆ ತಪ್ಪದ ಬಾಳು’. ಅದರಲ್ಲಿ ಸಮಯಪಾಲನೆಯ ಬಗ್ಗೆ ಒಂದು ಅಧ್ಯಾಯವಿತ್ತು, ಅದೊಂದು ಮಾತ್ರ ಇನ್ನೂ ಮುಗಿದಿರಲಿಲ್ಲ.

ಮದುವೆಯಾಗಿ ಅವತ್ತಿಗೆ ಇಪ್ಪತ್ತೈದು ವರ್ಷ. ಮದುವೆಗೆಂದು ಹೆಂಡತಿಗೆ ಹೊಲಿಯಲು ಹಿಡಿದ ಬಟ್ಟೆಯನ್ನೇ ಮಾಸ್ಟ್ರು ಮದುವೆಯ ಮಾರನೇ ದಿನ ಕೊಟ್ಟಿದ್ದರು. ಅಲ್ಲಿಂದ ಇಲ್ಲಿಯವರೆಗೆ ಆಕೆಗೆ ಹೇಳಿದ ದಿನಕ್ಕೆ ಬಂದದ್ದು ಅಂತ ಒಂದೂ ಇಲ್ಲ.

“ರೀ, ಸಂಜೆ ಊಟಕ್ಕೆ ಬೀದಿಯವರನ್ನೆಲ್ಲ ಕರೆದಿದೀನಿ,” ಅಂದರು ಹೆಂಡತಿ, ಚಹಾದ ಲೋಟ ಕೊಡುತ್ತ. “ಪುಸ್ತಕ ಪುಸ್ತಕ ಅಂತಿದ್ರಲ್ಲ, ಅದು ಏನಾಯ್ತು ಅಂತ ಕೇಳ್ತಾರೆ. ಏನು ಹೇಳ್ಲಿ?”

“ಹೇಳೋದೇನು, ತೋರಿಸು. ಸಂಜೆ ಪುಸ್ತಕ ನಿನ್ನ ಕೈಯಲ್ಲಿರುತ್ತೆ. ತೆರೆದ ಕೂಡಲೇ ನಿನ್ನ ಹೆಸರಿರುತ್ತೆ. ನಿನಗೇ ಅರ್ಪಣೆ.”

ಹೆಂಡತಿ ಒಂದು ಕ್ಷಣ ಗಂಡನ ಮುಖ ನೋಡಿದರು. ಹಣೆ ಮುಟ್ಟಿ ಜ್ವರ ಇದೆಯೇನೋ ಅಂತಲೂ ನೋಡಿದರು. “ಇವತ್ತೇನಾ? ನಾಳೆ ಅಲ್ಲ ತಾನೆ?”

“ಇವತ್ತೇ.”

ಆಕೆ ಖಾಲಿ ಲೋಟ ಎತ್ತಿಕೊಂಡರು. ಒಳಗೆ ಹೋದ ಮೇಲೆ ಏನೋ ಗುನುಗುವುದು ಕೇಳಿಸಿತು. ಎಷ್ಟು ವರ್ಷವಾಗಿತ್ತೋ ಆ ಗುನುಗು ಕೇಳಿ. ಮಾಸ್ಟ್ರ ಎದೆ ತುಂಬಿ ಬಂತು, ಜೊತೆಗೇ ಸ್ವಲ್ಪ ಹೆದರಿಕೆಯೂ ಆಯಿತು. ಆದರೆ ಹೆದರಿಕೆ ಅವರಲ್ಲಿ ನಿಲ್ಲುವ ಗಿರಾಕಿಯಲ್ಲ, ಚಪ್ಪಲಿ ಮೆಟ್ಟುವಷ್ಟರಲ್ಲಿ ಹೊರಟುಹೋಯಿತು.

ಅಂಗಡಿ ತೆಗೆದು ಕತ್ತರಿಸುವ ಮೇಜಿನ ಮೇಲೆ ಮಗಳ ಹಳೇ ಲ್ಯಾಪ್‌ಟಾಪು ಇಟ್ಟುಕೊಂಡು ಕೂತರು. ಹಾಸ್ಟೆಲಿನಿಂದ ಮಗಳ ಫೋನು ಬಂತು.

“ಅಪ್ಪಾ, ನಾನು ಕಳಿಸಿದ ಟೆಂಪ್ಲೇಟ್ ತೆರೆದ್ಯಾ?”

“ತೆರೆದಿದೀನಿ ಕಂದಾ. ಇದೇನು, ಪುಸ್ತಕ ಆಗಲೇ ಸಿದ್ಧವಾಗಿದೆಯಲ್ಲ? ಪುಟದ ಸಂಖ್ಯೆ, ಅಧ್ಯಾಯದ ತಲೆಬರಹ, ಎಲ್ಲ ಇದೆ. ನಾನು ಬರೆದದ್ದು ಒಂದಿಲ್ಲ ಅಷ್ಟೆ.”

“ಅದೇ ಅಪ್ಪಾ ಟೆಂಪ್ಲೇಟ್ ಅಂದ್ರೆ. ನೀನು ಬರೆದದ್ದನ್ನ ಅದರೊಳಗೆ ಸುರಿ, ಅದೇ ಸರಿಯಾಗಿ ಕೂರುತ್ತೆ. ಬೂದು ಅಕ್ಷರದಲ್ಲಿ ‘ಇಲ್ಲಿ ಬರೆಯಿರಿ’ ಅಂತ ಎಲ್ಲೆಲ್ಲಿ ಇದೆಯೋ ಅಲ್ಲಿ ಬರಿ. ಮಿಕ್ಕಿದ್ದನ್ನ ನೀನೂ ಮುಟ್ಟಬೇಡ, ಬೇರೆಯವರಿಗೂ ಮುಟ್ಟೋಕೆ ಬಿಡಬೇಡ.”

“ಅಚ್ಚು ಇಟ್ಟು ಕತ್ತರಿಸೋದನ್ನ ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚಿಂದ ಅದೇ ಕೆಲಸ ನಂದು.”

ನಿಜಕ್ಕೂ ಕೆಲಸ ಸುಲಲಿತವಾಗಿ ಸಾಗಿತು. ಮೊಬೈಲಿನಲ್ಲಿ ರಾಶಿ ಬಿದ್ದಿದ್ದ ಮಾತುಗಳನ್ನು ಅಚ್ಚಿನೊಳಗೆ ಸುರಿದದ್ದೇ ತಡ, ಇಸ್ತ್ರಿ ಹಾಕಿದ ಅಂಗಿಗಳ ಹಾಗೆ ಪುಟಗಳು ಸಾಲಾಗಿ ನಿಂತವು. ಪ್ರತಿ ಅಧ್ಯಾಯವೂ ಬಲಗಡೆಯ ಪುಟದಲ್ಲೇ ಶುರುವಾಗುತ್ತಿತ್ತು. ಪುಟದ ಒಳಗಡೆಯ ಅಂಚು ಹೊರಗಡೆಯದಕ್ಕಿಂತ ಅಗಲವಿತ್ತು. ಅದು ಯಾಕೆಂದು ಯಾರೂ ಹೇಳದೆಯೇ ಮಾಸ್ಟ್ರಿಗೆ ಹೊಳೆಯಿತು. ಹೊಲಿಗೆಗೆ ಅಂತ ಬಿಟ್ಟ ಜಾಗ ಅದು. ಈ ಟೆಂಪ್ಲೇಟ್ ಮಾಡಿದವನ ತಾತ ಟೈಲರ್ ಆಗಿದ್ದಿರಬೇಕು ಅಂದುಕೊಂಡು ಖುಷಿಪಟ್ಟರು.

ಮೊದಲ ಪುಟದಲ್ಲಿ ಪುಸ್ತಕದ ಹೆಸರು ಬರೆದರು, ತಮ್ಮ ಹೆಸರು ಬರೆದರು. ಮೂರನೇ ಪುಟಕ್ಕೆ ಬಂದರು. ಅಲ್ಲಿ ಹೀಗಿತ್ತು: ‘ನನ್ನ ಬಾಳಿನ ಪ್ರತಿ ಪುಟಕ್ಕೂ ಅರ್ಥ ತಂದ…………………… ಅವರಿಗೆ’. ಕೆಳಗೆ ಬೂದು ಅಕ್ಷರ: ‘ಇಲ್ಲಿ ನಿಮ್ಮ ಪ್ರೀತಿಪಾತ್ರರ ಹೆಸರು ಬರೆಯಿರಿ’.

ಚುಕ್ಕಿಗಳ ಜಾಗದಲ್ಲಿ ಹೆಂಡತಿಯ ಹೆಸರು ಬರೆಯಲು ಅರ್ಧ ನಿಮಿಷ ಸಾಕಿತ್ತು. ಆದರೆ ಮಾಸ್ಟ್ರ ಬೆರಳು ನಿಂತಿತು. ಇದು ರೆಡಿಮೇಡ್ ಸಾಲು. ಯಾರ ಹೆಂಡತಿಗೆ ಬೇಕಾದರೂ ತೊಡಿಸಬಹುದು. ಇಪ್ಪತ್ತೈದು ವರ್ಷ ಜೊತೆಗಿದ್ದವಳಿಗೆ ರೆಡಿಮೇಡ್ ಕೊಡುವುದೇ, ಅದೂ ಒಬ್ಬ ಟೈಲರು? ಅಳತೆ ತೆಗೆದು ಹೊಲಿದ ಸಾಲು ಬೇಕು, ಆಕೆಗೆ ಮಾತ್ರ ಹೊಂದುವಂಥದ್ದು. ಇಂಥದ್ದನ್ನೆಲ್ಲ ಅವಸರದಲ್ಲಿ ಮಾಡಬಾರದು, ಎಲ್ಲ ಮುಗಿದ ಮೇಲೆ ಸಮಾಧಾನವಾಗಿ ಕೂತು ಬರೆದರಾಯಿತು ಅಂತ ಮುಂದಿನ ಪುಟಕ್ಕೆ ಹೋದರು. ಅವರ ಮನಸ್ಸು ಒಳ್ಳೆಯದೇ, ಎಡವಟ್ಟು ಆಗುತ್ತಿದ್ದದ್ದು ಯಾವಾಗಲೂ ಆ ‘ಆಮೇಲೆ’ಯಲ್ಲಿ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪ್ರೆಸ್ಸಿನ ಯಜಮಾನರು. ಬೀದಿ ತಿರುವಿನಲ್ಲಿ ಅವರ ಮುದ್ರಣದ ಅಂಗಡಿ. ಹತ್ತೇ ಪ್ರತಿ ಬೇಕೆಂದರೂ ಅದೇ ದಿನ ಅಚ್ಚು ಹಾಕಿ ರಟ್ಟು ಅಂಟಿಸಿ ಕೊಡುವವರು.

“ಪುಸ್ತಕದ ಫೈಲು ಇನ್ನೇನು ಕಳಿಸ್ತಿದ್ದೆ. ನೀವೇ ಬಂದ್ರಾ?” ಅಂದರು ಮಾಸ್ಟ್ರು.

“ಫೈಲಿಗೆ ಬಂದಿಲ್ಲ. ಅದಕ್ಕೆ ಬಂದೆ,” ಅಂತ ಯಜಮಾನರು ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಮೊಳೆಗೆ ಅವರ ಕೋಟು ನೇತಾಡುತ್ತಿತ್ತು. ಒಂದು ತೋಳು ಇತ್ತು, ಇನ್ನೊಂದು ಇರಲಿಲ್ಲ. “ಹೋದ ಚಳಿಗಾಲಕ್ಕೆ ಅಂತ ಕೊಟ್ಟದ್ದು. ಈ ಚಳಿಗಾಲ ಬಂದು ಹೋಗ್ತಾ ಇದೆ.”

“ನಾಳೆ…”

“ನಾಳೆ ಬೇಡ ಮಾಸ್ಟ್ರೇ. ಇವತ್ತು ನಿಮ್ಮ ಮನೆ ಊಟಕ್ಕೆ ನನ್ನ ಹೆಂಡತಿ ನಾನು ಇಬ್ಬರೂ ಬರ್ತಿದೀವಿ. ಕೋಟು ಹಾಕ್ಕೊಂಡೇ ಬರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದೀನಿ. ಮಧ್ಯಾಹ್ನ ಫೈಲು ಕಳಿಸಿ. ಸಂಜೆ ಕೋಟು ತನ್ನಿ, ಪುಸ್ತಕ ತಗೊಂಡು ಹೋಗಿ. ಕೋಟಿಲ್ಲದೆ ಬಂದ್ರೆ ನಿಮ್ಮ ಪುಸ್ತಕಾನೂ ನಾಳೆ.”

ಯಜಮಾನರು ಹೋದರು. ಮಾಸ್ಟ್ರು ಒಮ್ಮೆ ಕೋಟು ನೋಡಿದರು, ಒಮ್ಮೆ ಲ್ಯಾಪ್‌ಟಾಪು ನೋಡಿದರು. ಹೆಂಡತಿಯ ಗುನುಗು ಕಿವಿಯಲ್ಲಿತ್ತು. “ಎರಡೂ ಆಗುತ್ತೆ,” ಅಂತ ತಮಗೆ ತಾವೇ ಹೇಳಿಕೊಂಡು ಕೋಟು ಇಳಿಸಿ, ‘ಮಿಕ್ಕವರಿಗೆ’ ಅನ್ನುವ ಅಚ್ಚು ಹುಡುಕಿ, ಇನ್ನೊಂದು ತೋಳು ಕತ್ತರಿಸತೊಡಗಿದರು.

ಲ್ಯಾಪ್‌ಟಾಪು ಮೇಜಿನ ಮೇಲೆ ತೆರೆದೇ ಇತ್ತು. ಬೀದಿಗೆ ಮುಖ ಮಾಡಿದ ಅಂಗಡಿಯಲ್ಲಿ ತೆರೆದಿಟ್ಟ ಯಾವ ವಸ್ತುವೂ ಹತ್ತು ನಿಮಿಷ ಒಂಟಿಯಾಗಿರುವುದಿಲ್ಲ.

ಮೊದಲು ಬಂದವನು ಎದುರಿನ ಕನ್ನಡಕದಂಗಡಿಯವನು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. “ಏನು ಮಾಸ್ಟ್ರೇ, ಇರುವೆಗೆ ಬರೆದಿದೀರಾ ಪುಸ್ತಕ? ಈ ಅಕ್ಷರ ಓದೋಕಾಗುತ್ತಾ?”

“ಅದು ಟೆಂಪ್ಲೇಟ್ ಕಣಯ್ಯ, ಅದರಷ್ಟಕ್ಕೆ ಬಿಡು.”

“ನಿಮ್ಮ ಪುಸ್ತಕ ಓದೋರು ಯಾರು? ನಮ್ಮ ವಯಸ್ಸಿನವರು. ಅವರ ಕಣ್ಣು ಹೇಗಿದೆ ಅಂತ ನನಗೆ ಗೊತ್ತಾ, ಟೆಂಪ್ಲೇಟಿಗೆ ಗೊತ್ತಾ?”

ಮಾತಿನಲ್ಲಿ ಸತ್ಯವಿತ್ತು. ಮಾಸ್ಟ್ರ ಬಾಯಿ ತುಂಬ ಗುಂಡುಸೂಜಿ ಇದ್ದದ್ದರಿಂದ ವಾದಿಸಲೂ ಆಗಲಿಲ್ಲ. ‘ಹ್ಞೂಂ’ ಅಂದದ್ದನ್ನೇ ಅಪ್ಪಣೆ ಅಂದುಕೊಂಡು ಅವನು ಅಕ್ಷರ ದೊಡ್ಡದು ಮಾಡಿದ. ಸಾಲದು ಅನ್ನಿಸಿ ಇನ್ನಷ್ಟು ಮಾಡಿದ. ಕೊನೆಗೆ ತನ್ನ ಅಂಗಡಿಯ ಗೋಡೆಗೆ ಕಣ್ಣು ಪರೀಕ್ಷೆಗೆಂದು ತೂಗುಹಾಕಿದ ಫಲಕದ ಮೂರನೇ ಸಾಲಿನಷ್ಟು ಆದಾಗ ತೃಪ್ತಿಯಿಂದ ಎದ್ದ.

ಆ ಹೊತ್ತಿಗೆ ಪಕ್ಕದ ಮನೆಯ ಆಡಿಟರ್ ಬಂದರು. ಕೆಲಸದಿಂದ ನಿವೃತ್ತರಾಗಿದ್ದರೂ ಲೆಕ್ಕ ಹಿಡಿಯುವ ಚಾಳಿಯಿಂದ ನಿವೃತ್ತರಾಗಿರಲಿಲ್ಲ. ಪುಟದ ಸಂಖ್ಯೆ ನೋಡಿ ಅವರು ಎದೆ ಹಿಡಿದುಕೊಂಡರು.

“ಮಾಸ್ಟ್ರೇ, ಇದು ಪುಸ್ತಕಾನೋ ಇಟ್ಟಿಗೇನೋ? ಅಲ್ಲ, ಇಲ್ಲಿ ನೋಡಿ, ಪುಟಕ್ಕೆ ಪುಟಾನೇ ಖಾಲಿ.”

“ಅಧ್ಯಾಯ ಬಲಗಡೆ ಶುರುವಾಗ್ಲಿ ಅಂತ ಎಡಗಡೆ ಖಾಲಿ ಬಿಡೋದು,” ಅಂದರು ಮಾಸ್ಟ್ರು, ಸೂಜಿಗಳ ಸಂದಿಯಿಂದಲೇ.

“ಎಡಗಡೆ ಶುರುವಾದ್ರೆ ಓದೋರ ಕುತ್ತಿಗೆ ಉಳುಕುತ್ತಾ?” ಆಡಿಟರ್ ಖಾಲಿ ಪುಟಗಳನ್ನೆಲ್ಲ ಕಳೆ ಕಿತ್ತ ಹಾಗೆ ಕಿತ್ತರು. “ಇನ್ನು ಈ ಅಂಚು. ಹೊರಗಡೆ ಇಷ್ಟಿದೆ, ಒಳಗಡೆ ಅಷ್ಟಿದೆ. ಯಾಕೆ?”

ಇದರಲ್ಲಿ ಮಾತ್ರ ಮಾಸ್ಟ್ರು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಸೂಜಿಗಳನ್ನು ಬಾಯಿಂದ ತೆಗೆದರು. “ಅದನ್ನ ಮುಟ್ಟಬೇಡಿ. ಅದು ಹೊಲಿಗೆಗೆ ಬಿಟ್ಟ ಜಾಗ. ಇದು ನನ್ನ ಕಸುಬು.”

“ಪ್ರೆಸ್ಸಿನವರು ಇದನ್ನ ಹೊಲೀತಾರಾ?”

“ಹೊಲಿಯೋದಿಲ್ಲ, ಅಂಟು ಹಾಕ್ತಾರೆ.”

“ಹೊಲಿಗೇನೇ ಇಲ್ಲ ಅಂದ್ಮೇಲೆ ಹೊಲಿಗೆಗೆ ಜಾಗ ಯಾಕೆ?”

ಮಾಸ್ಟ್ರು ಕತ್ತರಿ ಹಿಡಿದೇ ಯೋಚಿಸಿದರು. ಬೇರೆ ಯಾರಾದರೂ ಆಗಿದ್ದರೆ ‘ಏನೋ ಕಾರಣ ಇರುತ್ತೆ, ಬಿಡಿ’ ಅನ್ನುತ್ತಿದ್ದರು. ಆದರೆ ಮಾಸ್ಟ್ರಿಗೆ ಹೊಲಿಗೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದೇ ಮುಳುವಾಯಿತು. ಹೊಲಿಗೆ ಇಲ್ಲದ ಕಡೆ ಬಟ್ಟೆ ಬಿಡುವವನು ಟೈಲರೇ ಅಲ್ಲ. “ಸರಿಯಾಗಿ ಹೇಳಿದ್ರಿ, ತೆಗೆದುಬಿಡಿ,” ಅಂದರು. ಆಡಿಟರ್ ಒಳಗಿನ ಅಂಚನ್ನು ಕೂದಲೆಳೆಯಷ್ಟಕ್ಕೆ ಇಳಿಸಿದರು. ಪುಟಗಳು ಗಣನೀಯವಾಗಿ ಕಮ್ಮಿಯಾದವು.

ಮೂರನೆಯವನಾಗಿ ಬೋರ್ಡ್ ಪೇಂಟರ್ ಬಂದ. ಟೆಂಪ್ಲೇಟಿನ ರಟ್ಟಿನ ಪುಟ ತಿಳಿ ಬಣ್ಣದ್ದು, ನಡುವೆ ಪುಟ್ಟ ಅಕ್ಷರದಲ್ಲಿ ಹೆಸರು. “ಇದೇನು ಔಷಧಿ ಡಬ್ಬಿ ಚೀಟಿ ಇದ್ದ ಹಾಗಿದೆ? ಬಸ್ಸಿನಿಂದ ನೋಡಿದ್ರೂ ಕಾಣಬೇಕು ಮಾಸ್ಟ್ರೇ,” ಅಂತ ಕೆಂಪು ಬಳಿದ, ಹಳದಿ ಅಕ್ಷರ ಹಾಕಿದ, ಅಕ್ಷರಕ್ಕೆ ನೀಲಿ ನೆರಳು ಹೊಡೆದ. ‘ಅಳತೆ ತಪ್ಪದ ಬಾಳು’ ಅನ್ನುವಲ್ಲಿ ಜಾಗ ಸಾಲದೆ ‘ಬಾಳು’ ಕೆಳಗೆ ಬಂದು ಒಂದು ಕಡೆ ವಾಲಿಕೊಂಡಿತು.

ಈ ಗದ್ದಲದ ನಡುವೆ ಮಾಸ್ಟ್ರು ಮಾತ್ರ ಬೇರೆಯೇ ಲೋಕದಲ್ಲಿದ್ದರು. ಕಾಲು ಯಂತ್ರ ತುಳಿಯುತ್ತಿತ್ತು, ಕೈ ಬಟ್ಟೆ ಸರಿಸುತ್ತಿತ್ತು, ಮನಸ್ಸು ಹೆಂಡತಿಗೆ ಸಾಲು ಹೊಲಿಯುತ್ತಿತ್ತು. ಒಂದು ಸಾಲು ಉದ್ದವಾಯಿತು. ಒಂದು ತೀರ ಬಿಗಿ. ಇನ್ನೊಂದು ಹೊಗಳಿಕೆಯಲ್ಲಿ ಜೋಲುತ್ತಿತ್ತು. ನಾಳೆ ನಾಳೆ ಅಂತ ಹೇಳಿ ಕಾಯಿಸಿದ ಆ ಇಪ್ಪತ್ತೈದು ವರ್ಷ ಕಣ್ಣಮುಂದೆ ಬಂದವು. ಊರಿಗೆ ಹೋಗುವುದು ನಾಳೆ, ಮನೆಗೆ ಸುಣ್ಣ ನಾಳೆ, ಆಕೆಯ ಕನ್ನಡಕ ನಾಳೆ. ಒಂದು ದಿನವೂ ಆಕೆ ಮುನಿದು ಬಾಗಿಲು ಹಾಕಿಕೊಂಡವಳಲ್ಲ, ಕಾದಳು. ಇದ್ದಕ್ಕಿದ್ದ ಹಾಗೆ ಸಾಲು ತಾನೇ ಬಂತು.

‘ನನ್ನ ಎಲ್ಲ ನಾಳೆಗಳಿಗೂ ಕಾದವಳಿಗೆ.’

ಇಷ್ಟೇ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಮರೆತುಹೋದೀತು ಅಂತ ಅವಸರದಲ್ಲಿ ಕಿವಿಯ ಸಂದಿಯಿಂದ ಪೆನ್ನು ತೆಗೆದು, ಅದುರುತ್ತಿದ್ದ ಯಂತ್ರದ ಮೇಲೆಯೇ ಒಂದು ಚೂರು ಕಾಗದ ಇಟ್ಟು ಬರೆದರು. ಮಡಿಚಿದರು. ಪೆನ್ನನ್ನೂ ಚೀಟಿಯನ್ನೂ ಅಭ್ಯಾಸದಂತೆ ಎದೆಯ ಜೇಬಿಗೆ ಸೇರಿಸಿದರು. ಆ ಜೇಬು ತಮ್ಮದಲ್ಲ, ಮುಂದೆ ಹರಡಿದ್ದ ಕೋಟಿನದು ಅನ್ನುವುದು ಅವರಿಗೆ ತಿಳಿಯಲಿಲ್ಲ. ಸಾಲನ್ನು ಮತ್ತೆ ಮತ್ತೆ ನಾಲಿಗೆಯ ಮೇಲೆ ಹೊರಳಿಸುತ್ತ, ಅದೇ ಸಂತೋಷದಲ್ಲಿ, ಆ ಜೇಬಿನ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿ ಹೊಲಿಗೆ ಓಡಿಸಿದರು.

“ಆಯ್ತು, ಕೊಡಿ ಇಲ್ಲಿ, ಮೂರನೇ ಪುಟ ಬರೀಬೇಕು,” ಅಂತ ಎದ್ದರು.

“ಕೊಡೋದೇನು? ಪ್ರೆಸ್ಸಿಗೆ ಕಳಿಸಿ ಅರ್ಧ ಗಂಟೆ ಆಯ್ತಲ್ಲ,” ಅಂದರು ಆಡಿಟರ್. “ನಿಮ್ಮನ್ನ ನಂಬಿದ್ರೆ ನಾಳೆ ಆಗ್ತಿತ್ತು.”

ಮಾಸ್ಟ್ರು ಪ್ರೆಸ್ಸಿಗೆ ಫೋನು ಹಚ್ಚಿದರು. “ಯಜಮಾನ್ರೇ, ಮೂರನೇ ಪುಟದಲ್ಲಿ ಒಂದು ಸಣ್ಣ…”

“ಕೋಟು ಆಯ್ತಾ?”

“ಗುಂಡಿ ಒಂದು ಬಾಕಿ.”

“ಹಾಗಾದ್ರೆ ಮೊದಲು ಗುಂಡಿ ಹಾಕಿ. ಮಾತು ಆಮೇಲೆ,” ಅಂದ ದನಿ ಕಡಿದುಹೋಯಿತು.

ಗುಂಡಿ ಹಾಕಿ, ಇಸ್ತ್ರಿ ತಿಕ್ಕಿ, ಮಾಸ್ಟ್ರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಪ್ರೆಸ್ಸಿಗೆ ಓಡುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹತ್ತೂ ಪ್ರತಿಗಳು ಮೇಜಿನ ಮೇಲೆ ಕೆಂಪಗೆ ಕೂತಿದ್ದವು. ಯಜಮಾನರು ಮೊದಲು ಕೋಟು ತೊಟ್ಟರು. ಎಡತೋಳು ಮಣಿಕಟ್ಟಿಗೆ ನಿಂತಿತ್ತು, ಬಲತೋಳು ಬೆರಳ ತುದಿಯವರೆಗೆ ಬಂದಿತ್ತು.

“ಮಾಸ್ಟ್ರೇ, ನನ್ನ ಎರಡೂ ಕೈ ಒಂದೇ ಉದ್ದ ಇವೆ.”

“ಹಾಕ್ತಾ ಹಾಕ್ತಾ ಸರಿಹೋಗುತ್ತೆ.”

“ಎದೆ ಹತ್ತಿರ ಏನೋ ಗಟ್ಟಿ ಚುಚ್ತಾ ಇದೆ.”

“ಒಳಗೆ ಕ್ಯಾನ್ವಾಸು ಹಾಕಿದೀನಿ, ಎದೆ ಎತ್ತಿ ನಿಲ್ಲೋಕೆ. ಅದೂ ಸರಿಹೋಗುತ್ತೆ.”

ಯಜಮಾನರು ಪುಸ್ತಕ ಮುಂದೆ ಸರಿಸಿದರು. ಮಾಸ್ಟ್ರು ಒಂದನ್ನು ತೆರೆದರು. ಅದು ಇಲಿಬೋನಿನ ಹಾಗೆ ಪಟ್ಟನೆ ಮುಚ್ಚಿಕೊಂಡಿತು. ಎರಡೂ ಹೆಬ್ಬೆರಳು ಒತ್ತಿ ಮತ್ತೆ ತೆರೆದರು. ಪ್ರತಿ ಸಾಲಿನ ಒಂದು ತುದಿ ಒಳಗಿನ ಅಂಟಿನೊಳಗೆ ಇಳಿದುಹೋಗಿತ್ತು. ‘ಕೊಟ್ಟ ಮಾತಿಗೆ ಎಂದೂ ತಪ್ಪ’ ಅನ್ನುವವರೆಗೆ ಕಾಣುತ್ತಿತ್ತು, ಮುಂದಿನದು ಅಂಟಿಗೇ ಗೊತ್ತು.

“ಇದೇನು ಯಜಮಾನ್ರೇ, ಓದೋಕೇ ಆಗಲ್ವಲ್ಲ?”

ಯಜಮಾನರು ಉದ್ದತೋಳನ್ನು ನಿಧಾನವಾಗಿ ಮಡಿಚಿಕೊಂಡರು. ಎರಡು ಚಳಿಗಾಲಗಳಿಂದ ಕಾದಿದ್ದ ಸುಖ ಅವರ ಮುಖದಲ್ಲಿತ್ತು. “ಓದ್ತಾ ಓದ್ತಾ ಸರಿಹೋಗುತ್ತೆ, ಮಾಸ್ಟ್ರೇ.”

ಮಾಸ್ಟ್ರು ಪುಸ್ತಕದ ಕಟ್ಟು ಎತ್ತಿಕೊಂಡು ಹೊರಟರು. ದಾರಿಯಲ್ಲಿ ಧೈರ್ಯ ಮರಳಿ ಬಂತು. ಏನೇ ಆಗಲಿ, ಪುಸ್ತಕ ಬಂದಿದೆ, ಹೇಳಿದ ದಿನವೇ ಬಂದಿದೆ. ಮೂರನೇ ಪುಟದಲ್ಲಿ ಹೆಸರಿನ ಜಾಗ ಖಾಲಿ ಇದೆ, ಇರಲಿ. ಹೆಂಡತಿಯ ಪ್ರತಿಯಲ್ಲಿ ಆ ಸಾಲನ್ನು ಕೈಯಾರೆ ಬರೆದರಾಯಿತು. ಅಚ್ಚಿನದಕ್ಕಿಂತ ಕೈಬರಹಕ್ಕೇ ಬೆಲೆ ಜಾಸ್ತಿ. ಹೀಗೆಂದುಕೊಂಡು ಎದೆಯ ಜೇಬು ಮುಟ್ಟಿಕೊಂಡರು. ಪೆನ್ನಿರಲಿಲ್ಲ. ಕಿವಿ ಮುಟ್ಟಿಕೊಂಡರು. ಅಲ್ಲೂ ಇರಲಿಲ್ಲ. ‘ಮನೆಯಲ್ಲಿ ಪೆನ್ನಿಗೇನು ಬರವೇ’ ಅಂತ ಕಾಲು ಚುರುಕು ಮಾಡಿದರು.

ಮನೆಯಲ್ಲಿ ಆಗಲೇ ಬೀದಿಯೇ ನೆರೆದಿತ್ತು. ಆಡಿಟರ್ ದಂಪತಿ, ಕನ್ನಡಕದಂಗಡಿಯವನು ಮತ್ತವನ ಹೆಂಡತಿ, ಪೇಂಟರ್ ಮತ್ತವನ ಹೆಂಡತಿ, ಇನ್ನೂ ಕೆಲವರು. ಕೆಂಪು ರಟ್ಟು ಬಾಗಿಲಲ್ಲಿ ಕಂಡದ್ದೇ ತಡ, “ಬಸ್ಸಿನಿಂದ ನೋಡಿದ್ರೂ ಕಾಣುತ್ತೆ, ಹೇಳಿರ್ಲಿಲ್ವಾ?” ಅಂದ ಪೇಂಟರ್. ಕಟ್ಟು ಮಾಸ್ಟ್ರ ಕೈಯಿಂದ ಹಾರಿ, ಒಂದೊಂದು ಪ್ರತಿ ಒಂದೊಂದು ಮಡಿಲಿಗೆ ಬಿತ್ತು.

ಒಂದು ಪ್ರತಿಯನ್ನು ಮಾಸ್ಟ್ರ ಹೆಂಡತಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ತೆರೆಯಲಿಲ್ಲ, ಸುಮ್ಮನೆ ರಟ್ಟು ಸವರಿದರು. ಕಣ್ಣು ಒದ್ದೆಯಾಗಿತ್ತು. “ಹೇಳಿದ ದಿನಕ್ಕೇ ಕೊಟ್ರಿ,” ಅಂದರು. ಅಷ್ಟು ಜನರ ನಡುವೆ ಆ ಮಾತು ಮಾಸ್ಟ್ರೊಬ್ಬರಿಗೇ ಕೇಳಿಸಿತು. ಅವರ ಜೀವನದಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಸಿಕ್ಕಿರಲಿಲ್ಲ.

“ಒಂದು ನಿಮಿಷ, ಅದನ್ನ ಇಲ್ಲಿ ಕೊಡು,” ಅಂದರು ಮಾಸ್ಟ್ರು. “ಯಾರಾದ್ರೂ ಒಂದು ಪೆನ್ನು ಕೊಡಿ.”

ಆದರೆ ಕನ್ನಡಕದಂಗಡಿಯವನು ಆಗಲೇ ಮೂರನೇ ಪುಟಕ್ಕೆ ಬಂದಿದ್ದ. “‘ನನ್ನ ಬಾಳಿನ ಪ್ರತಿ ಪುಟಕ್ಕೂ ಅರ್ಥ ತಂದ’,” ಅಂತ ಜೋರಾಗಿ ಓದಿದ, “ಆಮೇಲೆ ಚುಕ್ಕಿ ಚುಕ್ಕಿ. ‘ಇಲ್ಲಿ ನಿಮ್ಮ ಪ್ರೀತಿಪಾತ್ರರ ಹೆಸರು ಬರೆಯಿರಿ’. ಏನಿದು?”

ಮಾಸ್ಟ್ರ ಹೆಂಡತಿ ತಮ್ಮ ಪ್ರತಿಯ ಮೂರನೇ ಪುಟ ತೆರೆದರು.

“ಎಂಥ ತಲೆ ರೀ ಮಾಸ್ಟ್ರದು,” ಅಂದರು ಆಡಿಟರ್. “ಬೇರೆ ಲೇಖಕರು ತಮ್ಮ ಹೆಂಡತಿ ಹೆಸರು ಹಾಕ್ಕೊಂಡು ನಮ್ಮ ಕೈಲಿ ಓದಿಸ್ತಾರೆ. ಇವರು ಜಾಗಾನ ನಮಗೇ ಬಿಟ್ಟಿದಾರೆ. ಪ್ರತಿಯೊಬ್ಬನೂ ಅವನವನ ಹೆಂಡತಿ ಹೆಸರು ಬರ್ಕೊಳ್ಲಿ ಅಂತ. ಒಂದು ಸಾಲೂ ವೇಸ್ಟ್ ಇಲ್ಲ.” ಅಂತ ಪೆನ್ನು ತೆಗೆದು ದುಂಡಗೆ ಹೆಂಡತಿಯ ಹೆಸರು ಬರೆದು ಆಕೆಯ ಕೈಗಿತ್ತರು.

ಆಡಿಟರ ಹೆಂಡತಿ ಹೆಸರನ್ನು ಎರಡು ಸಲ ಓದಿಕೊಂಡರು. “ಇಷ್ಟು ವರ್ಷದಲ್ಲಿ ಇವರು ನನ್ನ ಹೆಸರು ಬರೆದದ್ದು ತೆರಿಗೆ ಕಾಗದದಲ್ಲಿ ಮಾತ್ರ,” ಅಂತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಉಳಿದ ಹೆಂಗಸರು ತಂತಮ್ಮ ಗಂಡಂದಿರ ಕಡೆ ನೋಡಿದರು. ಆ ನೋಟಕ್ಕೆ ಯಾವ ಗಂಡಸೂ ಎದುರು ನಿಲ್ಲಲಾರ. ಮನೆಯಲ್ಲಿದ್ದ ಪೆನ್ನುಗಳೆಲ್ಲ ಹೊರಬಂದವು. ಪೇಂಟರ್ ತನ್ನ ಹೆಂಡತಿಯ ಹೆಸರಿಗೆ ನೆರಳು ಕೂಡ ಹೊಡೆದ.

“ಪೆನ್ನು, ಒಂದು ಪೆನ್ನು,” ಅಂತ ಮಾಸ್ಟ್ರು ಒಬ್ಬರಿಂದ ಒಬ್ಬರಿಗೆ ಓಡಿದರು. ಎಲ್ಲರ ಪೆನ್ನಿಗೂ ಕೆಲಸವಿತ್ತು.

ಆಗ ಪ್ರೆಸ್ಸಿನ ಯಜಮಾನರು ಹೆಂಡತಿಯೊಂದಿಗೆ ಬಂದರು. ಕೋಟು ತೊಟ್ಟಿದ್ದರು, ಒಂದು ಕೈ ಮುಚ್ಚಿ ಒಂದು ಕೈ ತೆರೆದು. ನಡೆಯುತ್ತಿದ್ದ ಸಂಭ್ರಮ ನೋಡಿ ಅವರ ಹೆಂಡತಿಗೂ ಆಸೆಯಾಯಿತು. “ರೀ, ನಮಗೊಂದು ಪ್ರತಿ?”

ಹತ್ತರಲ್ಲಿ ಒಂಬತ್ತು ಹೋಗಿದ್ದವು. ಮಾಸ್ಟ್ರ ಹೆಂಡತಿ ತಮ್ಮ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಮುಂದೆ ಚಾಚಿದರು. “ತಗೊಳ್ಳಿ ಅಕ್ಕ. ಇದರಲ್ಲಿ ಇನ್ನೂ ಯಾರ ಹೆಸರೂ ಇಲ್ಲ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾಸ್ಟ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಯಜಮಾನರು ಪೆನ್ನಿಗಾಗಿ ಎದೆಯ ಜೇಬಿಗೆ ಕೈ ಹಾಕಿದರು. ಕೈ ಒಳಗೆ ಹೋಗಲಿಲ್ಲ. “ಇದರ ಬಾಯೇ ಹೊಲಿದುಹೋಗಿದೆಯಲ್ಲ. ಒಳಗೆ ಬೇರೆ ಏನೋ ಇದೆ. ಆಗ್ಲಿಂದ ಚುಚ್ತಾ ಇರೋದು ಇದೇ,” ಅಂತ ಬೆರಳಿಟ್ಟು ಜಗ್ಗಿದರು. ಮಾಸ್ಟ್ರಿಗೆ ಆ ಗಳಿಗೆಯಲ್ಲಿ ಎಲ್ಲವೂ ನೆನಪಾಯಿತು. “ಬೇಡ, ನಾನು ಬಿಚ್ಚಿ ಕೊಡ್ತೀನಿ,” ಅಂತ ಮುಂದೆ ನುಗ್ಗಿದರು. ಅಷ್ಟರಲ್ಲಿ ಹೊಲಿಗೆ ಕಿತ್ತುಬಂದಿತ್ತು. ಒಳಗಿಂದ ಒಂದು ಪೆನ್ನು, ಜೊತೆಗೆ ಮಡಿಚಿದ ಒಂದು ಚೀಟಿ ಹೊರಬಂತು.

“ಏನ್ರೀ ಅದು?” ಅಂತ ಯಜಮಾನರ ಹೆಂಡತಿ ಚೀಟಿ ತೆಗೆದುಕೊಂಡು ಬಿಡಿಸಿದರು. ಓದಿದರು. ಇನ್ನೊಮ್ಮೆ ಓದಿದರು. ಈ ಸಲ ಎಲ್ಲರಿಗೂ ಕೇಳಿಸುವ ಹಾಗೆ, ನಡುಗುವ ದನಿಯಲ್ಲಿ: “‘ನನ್ನ ಎಲ್ಲ ನಾಳೆಗಳಿಗೂ ಕಾದವಳಿಗೆ’.”

ಆಕೆ ಗಂಡನ ಮುಖ ನೋಡಿದರು. “ನನಗೆ ಗೊತ್ತೇ ಆಗಬಾರದು ಅಂತ ಜೇಬಿನೊಳಗೆ ಇಟ್ಟು ಹೊಲಿಸಿಕೊಂಡಿದ್ರಾ? ಅಕ್ಷರ ಎಷ್ಟು ನಡುಗಿದೆ ನೋಡಿ. ನೀವು ಇಷ್ಟೆಲ್ಲ ಮನಸ್ಸಲ್ಲಿ ಇಟ್ಕೊಂಡಿದೀರಿ ಅಂತ ನಾನು ಅಂದುಕೊಂಡಿರಲೇ ಇಲ್ಲ,” ಅಂತ ಚೀಟಿಯನ್ನು ಮಡಿಚಿ ತಮ್ಮ ಪರ್ಸಿನೊಳಗೆ ಭದ್ರ ಮಾಡಿದರು.

ಯಜಮಾನರು ಚೀಟಿ ಹೋದ ದಾರಿ ನೋಡಿದರು, ಕೈಯಲ್ಲಿದ್ದ ಪೆನ್ನು ನೋಡಿದರು, ಮಾಸ್ಟ್ರ ಬಿಳಿಚಿದ ಮುಖ ನೋಡಿದರು. ಜಾಣ ಮನುಷ್ಯ, ಎಲ್ಲ ಅರ್ಥವಾಯಿತು. ಕೋಟಿನ ಎದೆಯನ್ನು ಮೆಲ್ಲಗೆ ತಟ್ಟಿಕೊಂಡರು. “ನೀವು ಹೇಳಿದ್ದು ನಿಜ ಮಾಸ್ಟ್ರೇ. ಹಾಕ್ತಾ ಹಾಕ್ತಾ ಸರಿಹೋಯ್ತು,” ಅಂದರು. ಆಮೇಲೆ ಮಾಸ್ಟ್ರದ್ದೇ ಪೆನ್ನಿನಿಂದ, ಮಾಸ್ಟ್ರದ್ದೇ ಪುಸ್ತಕದಲ್ಲಿ, ತಮ್ಮ ಹೆಂಡತಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು.

ಮಾಸ್ಟ್ರು ಏನು ತಾನೇ ಹೇಳಿಯಾರು? ಅದು ನನ್ನ ಸಾಲು ಅಂದರೆ ಪಾಪ, ಆ ಹೆಂಗಸಿನ ಸಂತೋಷ ಅಲ್ಲೇ ಹರಿದುಹೋಗುತ್ತದೆ. ಹೇಳಿದರೂ ಯಾರು ನಂಬುತ್ತಾರೆ? ಜೀವಮಾನದಲ್ಲಿ ಒಂದೇ ಒಂದು ಸಲ ಅವರು ಸರಿಯಾದ ಅಳತೆಗೆ ಹೊಲಿದಿದ್ದರು. ಅದು ಹೋಗಿ ಇನ್ನೊಬ್ಬರಿಗೆ ಒಪ್ಪವಾಗಿ ಕೂತಿತ್ತು. ಇನ್ನೊಬ್ಬರು ತೊಟ್ಟದ್ದನ್ನು ಬಿಚ್ಚಿಸಿ ಹೆಂಡತಿಗೆ ತೊಡಿಸುವುದು ಯಾವ ಟೈಲರಿನಿಂದಲೂ ಆಗದ ಮಾತು.

ಊಟಕ್ಕೆ ಎಲೆ ತಟ್ಟೆ ಅಂತ ಗಡಿಬಿಡಿ ಶುರುವಾಯಿತು. ಮಾಸ್ಟ್ರ ಹೆಂಡತಿ ಪಾತ್ರೆ ಹಿಡಿದು ಗಂಡನ ಪಕ್ಕ ಬಂದು ನಿಂತರು.

“ನೋಡಿದ್ರಾ ಅವರನ್ನ?” ಅಂದರು ಮೆಲ್ಲಗೆ. “ದಿನವಿಡೀ ಮಿಷನ್ ಸದ್ದಿನ ನಡುವೆ ಇರೋ ಮನುಷ್ಯ. ಹೆಂಡತಿಗೆ ಅಂತ ಎಂಥ ಒಂದು ಸಾಲು ಬರೆದಿದಾರೆ. ನೀವು ಇಡೀ ಪುಸ್ತಕ ಬರೆದ್ರಿ. ಅಂಥದ್ದೊಂದು ಸಾಲು ನನಗೂ ಬರೀಬೇಕು ಅನ್ನಿಸ್ಲಿಲ್ವಾ?”

“ಬರೀತೀನಿ,” ಅಂದರು ಮಾಸ್ಟ್ರು. “ಖಂಡಿತ ಬರೀತೀನಿ.”

“ಯಾವಾಗ?”

ಆ ಒಂದು ಪದ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಮಾಸ್ಟ್ರು ಅದನ್ನು ಹಲ್ಲು ಕಚ್ಚಿ ತಡೆದರು. ಆದರೆ ಪ್ರಶ್ನೆ ಅಷ್ಟೇನೂ ಮೆಲ್ಲಗೆ ಬಂದಿರಲಿಲ್ಲ. ಸಾಲಾಗಿ ಊಟಕ್ಕೆ ಕೂತಿದ್ದ ಆಡಿಟರ್, ಕನ್ನಡಕದಂಗಡಿಯವನು, ಪೇಂಟರ್, ಪ್ರೆಸ್ಸಿನ ಯಜಮಾನರು, ಮಾಸ್ಟ್ರಿಗೆ ಬಟ್ಟೆ ಕೊಟ್ಟು ಕಾದವರೆಲ್ಲ, ಒಂದೇ ದನಿಯಲ್ಲಿ ಅವರ ಪರವಾಗಿ ಉತ್ತರ ಕೊಟ್ಟರು.

“ನಾಳೆ.”

ಮಾಸ್ಟ್ರ ಹೆಂಡತಿ ತಲೆಯಾಡಿಸಿ ಸಾಲಿನುದ್ದಕ್ಕೂ ಬಡಿಸುತ್ತ ಹೋದರು. ಮಾಸ್ಟ್ರು ತಮ್ಮ ತಟ್ಟೆ ಚಾಚಿದಾಗ ಸೌಟು ಅರ್ಧಕ್ಕೆ ನಿಂತಿತು.

“ನಿಮಗೂ ನಾಳೆ,” ಅಂದು ಆಕೆ ಮುಂದಿನವರಿಗೆ ಬಡಿಸಿದರು.